ಮುದಿ ಹೆಣ್ಣುನಾಯಿ ಕೂಳು ಬಿಟ್ಟರೆ ವಯಸ್ಸಿನ ಮೇಲೆ ಹಾಕಬೇಡಿ

ಶೇಂಗಾ ಹೊಲಕ್ಕೆ ಹಂದಿ ನುಗ್ಗಿದರೆ ಮೊದಲು ಬೊಗಳೋದು, ರಾತ್ರಿ ಕುರಿಹಟ್ಟಿ ಸುತ್ತ ತಿರುಗೋದು ನಾಯಿ. ಹಸು ಮೇವು ಬಿಟ್ಟರೆ ಅವತ್ತೇ ಪಶು ಆಸ್ಪತ್ರೆಗೆ ಓಡುವ ನಾವು, ಎಂಟು-ಹತ್ತು ವರ್ಷ ಮನೆ ಕಾದ ಹೆಣ್ಣುನಾಯಿ ಕೂಳು ಬಿಟ್ಟರೆ 'ವಯಸ್ಸಾಯ್ತು ಬಿಡು' ಅಂತೀವಿ. ಎಷ್ಟೋ ಸಲ ಅದು ವಯಸ್ಸಲ್ಲ, ಗರ್ಭಕೋಶದಲ್ಲಿ ತುಂಬಿದ ಕೀವು. ಡಾಕ್ಟ್ರು ಇದಕ್ಕೆ 'ಪಯೋಮೆಟ್ರಾ' ಅಂತಾರೆ.

ಯಾಕೆ ಬರುತ್ತೆ?

ಹೆಂಗಸರಿಗೆ ಮುಟ್ಟು ನಿಂತ ಹಾಗೆ ನಾಯಿಗೆ ಬೆದೆ ನಿಲ್ಲೋದಿಲ್ಲ. ಮುದಿಯಾದರೂ ಬರ್ತಲೇ ಇರುತ್ತೆ. ಪ್ರತಿ ಬೆದೆ ಆದಮೇಲೆ, ಗಬ್ಬ ನಿಲ್ಲಲಿ ಬಿಡಲಿ, ಗಬ್ಬ ಕಾಯುವ ಹಾರ್ಮೋನು ಸುಮಾರು 2 ತಿಂಗಳು ಮೈಯಲ್ಲಿರುತ್ತೆ. ಗರ್ಭಕೋಶದ ಒಳಪದರ ದಪ್ಪವಾಗುತ್ತೆ. ವರ್ಷಾನುಗಟ್ಟಲೆ ಹೀಗೇ ಆಗಿ ಪದರ ಕೆಡುತ್ತೆ. ಬೆದೆಯಲ್ಲಿ ಒಳಹೊಕ್ಕ ರೋಗಾಣು ಅಲ್ಲಿ ಬೆಳೆದು ಕೀವಾಗುತ್ತೆ. ಸ್ವೀಡನ್ ದೇಶದ ನಾಯಿ ವಿಮೆ ಲೆಕ್ಕದ ಪ್ರಕಾರ, 10 ವರ್ಷ ತುಂಬುವುದರೊಳಗೆ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ಹೆಣ್ಣುನಾಯಿಗೆ ಇದು ಬಂದಿತ್ತು. ಬೆದೆ ತಡೆಯಲು ಹಾರ್ಮೋನು ಇಂಜೆಕ್ಷನ್ ಹಾಕಿಸಿದರೆ ಅಪಾಯ ಇನ್ನೂ ಜಾಸ್ತಿ.

ಗುರುತು ಹೇಗೆ?

* ಬೆದೆ ಮುಗಿದು ಒಂದೆರಡು ತಿಂಗಳೊಳಗೆ ನಾಯಿ ಮಂಕಾಗುತ್ತೆ, ಕೂಳು ಬಿಡುತ್ತೆ, ವಾಂತಿ ಮಾಡುತ್ತೆ.
* ನೀರು ವಿಪರೀತ ಕುಡಿಯುತ್ತೆ, ಪದೇ ಪದೇ ಉಚ್ಚೆ ಹೊಯ್ಯುತ್ತೆ. 15 ಕಿಲೋ ನಾಯಿ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಕುಡಿದರೆ ಅನುಮಾನಪಡಿ.
* ಹಿಂದಿನಿಂದ ವಾಸನೆಯ ಕೀವು ಸುರಿಯಬಹುದು, ಬಾಲದಡಿ ಸದಾ ನೆಕ್ಕಬಹುದು.

ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಕೀವು ಹೊರಗೆ ಬರೋದಿಲ್ಲ, ಹೊಟ್ಟೆ ಊದುತ್ತೆ. ಇದೇ ಹೆಚ್ಚು ಅಪಾಯ. ಹೊಟ್ಟೆ ದಪ್ಪವಾಯ್ತು, ಗಬ್ಬ ಇರಬೇಕು ಅಂತ ಕಾಯುತ್ತಾ ಕೂತರೆ ನಂಜು ಏರಿ ನಾಯಿ ಕೆಲವೇ ದಿನದಲ್ಲಿ ಸಾಯಬಹುದು.

ಏನು ಮಾಡಬೇಕು?

ಅವತ್ತೇ ಡಾಕ್ಟ್ರಿಗೆ ತೋರಿಸಿ. ಹೊಟ್ಟೆ ಅಮುಕಿ ನೋಡಬೇಡಿ, ಗರ್ಭಕೋಶ ಒಡೆಯಬಹುದು. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತೆ. ನೀರು ಮಾತ್ರ ತಪ್ಪಿಸಬೇಡಿ. ಗ್ಲೂಕೋಸು ಹನಿಸಿ, ಇಂಜೆಕ್ಷನ್ ಕೊಟ್ಟು, ಗರ್ಭಕೋಶ-ಅಂಡಾಶಯ ತೆಗೆಯೋದೇ ಖಾತ್ರಿ ಚಿಕಿತ್ಸೆ. ಬರೀ ಇಂಜೆಕ್ಷನ್ನಿಂದ ವಾಸಿಯಾದಂತೆ ಕಂಡರೂ ಮುಂದಿನ ಬೆದೆಗೆ ಮರುಕಳಿಸೋದು ಸಾಮಾನ್ಯ.

ಮೊಲೆ ಗಂಟು

ತಿಂಗಳಿಗೊಮ್ಮೆ ನಾಯಿಯನ್ನು ಅಂಗಾತ ಮಲಗಿಸಿ ಒಂದೊಂದೇ ಮೊಲೆ ಮುಟ್ಟಿ ನೋಡಿ. ಕಡಲೆಕಾಳಿನಷ್ಟು ಗಂಟು ಸಿಕ್ಕರೂ ತೋರಿಸಿ. ಇಂಥ ಗಂಟುಗಳಲ್ಲಿ ಸುಮಾರು ಅರ್ಧ ಕ್ಯಾನ್ಸರ್. ಸಣ್ಣದಿದ್ದಾಗ ತೆಗೆಸಿದರೆ ಉಳಿಯುವ ಆಸೆ ಹೆಚ್ಚು.

ಹಸುವಿಗೆ ಇಂಜೆಕ್ಷನ್ ಮಾಡಿಸಿದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕ್ತೀವಲ್ಲ, ಹಾಗೆ ನಾಯಿಯ ಬೆದೆ ತಾರೀಕನ್ನೂ ಬರೆದಿಡಿ. ಮುಂದಿನ 2 ತಿಂಗಳು ನೀರಿನ ಬಟ್ಟಲ ಮೇಲೆ ಕಣ್ಣಿರಲಿ. ಮರಿ ಬೇಡದಿದ್ದರೆ ನಾಯಿ ಗಟ್ಟಿಮುಟ್ಟಾಗಿರುವಾಗಲೇ ಸಂತಾನಹರಣ ಆಪರೇಶನ್ ಮಾಡಿಸೋದು ಲೇಸು. ಕೀವು ತುಂಬಿದ ಮೇಲೆ ಮಾಡುವ ಆಪರೇಶನ್ನಿಗೆ ಖರ್ಚೂ ಜಾಸ್ತಿ, ಜೀವಭಯವೂ ಜಾಸ್ತಿ.