ಹೊಸ ಪ್ರಾಜೆಕ್ಟ್ ಹಿಡಿದ ಮಗಳಿಗೆ

ಊರಿಗಾಂ



ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತಲೇ ನೀನು ಪ್ರಾಜೆಕ್ಟ್ ಮ್ಯಾನೇಜರ್ ಆದದ್ದು ಕೇಳಿ ಸಂತೋಷವಾಯಿತು. ಆದರೆ ನಿಮ್ಮ ಸ್ಪಾನ್ಸರ್ ಸಾಹೇಬರು ಮೊದಲ ಮೀಟಿಂಗಿನಲ್ಲಿ ಭಾಷಣ ಮಾಡಿ ಹೋದವರು ಮತ್ತೆ ಕೈಗೆ ಸಿಕ್ಕಿಲ್ಲವಂತೆ. "ಮೇಲೊಬ್ಬರು ದೊಡ್ಡವರ ಹೆಸರಿದ್ದರೆ ಸಾಕಲ್ಲ ದೊಡ್ಡಪ್ಪ" ಎಂದೆ. ಸಾಲದು ಕಣಮ್ಮ. ನಮ್ಮೂರಿಗೆ ಕರೆಂಟು ಹೇಗೆ ಬಂತು ಅನ್ನುವುದನ್ನು ಸ್ವಲ್ಪ ಸಾವಧಾನವಾಗಿ ಓದು.

1902ರ ಜೂನ್ 30ರಂದು ಕಾವೇರಿಯ ಶಿವನಸಮುದ್ರ ಜಲಪಾತದಿಂದ ಇಲ್ಲಿನ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರ. ಅಷ್ಟು ದೂರ ಕರೆಂಟು ಒಯ್ದವರು ಆಗ ಲೋಕದಲ್ಲೇ ವಿರಳ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇದಾದ ಮೂರು ವರ್ಷಕ್ಕೆ, 1905ರಲ್ಲಿ. (ಈಗ ಅಲ್ಲಿಗೇ ನಾವು ದಿನಾ ಕೂಲಿಗೆ ಹೋಗುತ್ತೇವೆ, ಇರಲಿ.) ಯೋಜನೆಯನ್ನು ರೂಪಿಸಿದವರು ಮೈಸೂರು ಸರ್ಕಾರದ ಎಂಜಿನಿಯರ್ ಜೋಲಿ ಡಿ ಲೋಬಿನಿಯೇರ್. ಅವರ ಬುದ್ಧಿವಂತಿಕೆಗೆ ಕೈಮುಗಿಯೋಣ. ಆದರೆ ಬರೀ ನಕ್ಷೆಯಿಂದ ಕಂಬ ಏಳುವುದಿಲ್ಲ. ಬೆನ್ನಿಗೆ ನಿಂತವರು ದಿವಾನ್ ಕೆ. ಶೇಷಾದ್ರಿ ಅಯ್ಯರ್.

ಕಾಲವೇನೂ ಅನುಕೂಲವಾಗಿರಲಿಲ್ಲ. 1894ರ ಕೊನೆಯಲ್ಲಿ ಮೈಸೂರಿನ ಮಹಾರಾಜರು ತೀರಿಕೊಂಡು ರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಅದೇ ಹೊತ್ತಿಗೆ ಮಾರಿಕಣಿವೆ ಅಣೆಕಟ್ಟಿಗೆ ಖಜಾನೆಯ ಹಣ ಹೋಗುತ್ತಿತ್ತು. ಜಲಪಾತದ ಶಕ್ತಿಯನ್ನು ಬಳಸಿಕೊಳ್ಳುತ್ತೇವೆಂದು ಖಾಸಗಿಯವರು 1894ರಲ್ಲೇ ಅನುಮತಿ ಕೇಳಿದ್ದರು. ಅವರಿಗೆ ಕೊಟ್ಟು ಸುಮ್ಮನಾಗಬಹುದಿತ್ತು. ದಿವಾನರು ಹಾಗೆ ಮಾಡದೆ, ಸರ್ಕಾರವೇ ಮಾಡಲಿ ಎಂದು ಹೊಣೆಯನ್ನು ತಮ್ಮ ತಲೆಗೆ ಕಟ್ಟಿಕೊಂಡರು.

1899ರಲ್ಲಿ ಲೋಬಿನಿಯೇರರನ್ನು ಯೂರೋಪಿಗೂ ಅಮೆರಿಕಕ್ಕೂ ಕಳಿಸಿದರು. ನಾನು ಬಹಳ ಮೆಚ್ಚುವುದು ಆಮೇಲಿನದ್ದನ್ನು. ವಿದ್ಯುತ್ ಯಂತ್ರಕ್ಕೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಜೊತೆ ಕರಾರು ಮಾಡಿಕೊಂಡಿದ್ದಷ್ಟೇ ಅಲ್ಲ, ಆಗುವ ಕರೆಂಟನ್ನು ಕೊಳ್ಳುತ್ತೇವೆಂದು ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯಿಂದಲೂ ಬರೆಸಿಕೊಂಡರು. ಗಣಿಯವರಿಗೂ ಅದು ಬೇಕಿತ್ತು. ಉಗಿಯಂತ್ರಕ್ಕೆ ಸೌದೆ, ಕಲ್ಲಿದ್ದಲು ಹೊತ್ತು ಹೊತ್ತು ಸಾಕಾಗಿದ್ದರು. ಚಿನ್ನದ ಮೇಲೆ ರಾಜಧನ ಪಡೆಯುತ್ತಿದ್ದ ಸರ್ಕಾರಕ್ಕೂ ಗಣಿ ಚೆನ್ನಾಗಿ ನಡೆದರೇ ಲಾಭ. ಮೊದಲ ಹಂತಕ್ಕೆ ಗಣಿಗಳಿಗೆ 4,000 ಅಶ್ವಶಕ್ತಿ. ಕೊಳ್ಳುವವನು ಗಟ್ಟಿಯಾದ ಮೇಲೆ ಅನುಮಾನದವರ ಬಾಯಿ ಅರ್ಧ ಮುಚ್ಚಿತು.

ಎಂಜಿನಿಯರ್ ಎಷ್ಟೇ ಜಾಣನಾದರೂ ಇಂಥ ಕರಾರುಗಳನ್ನು ಮಾಡಿಸಲಾರ. ಅರಮನೆಯ ಜೊತೆ, ಖಜಾನೆಯ ಜೊತೆ, ಲಂಡನ್ನಿನ ಕಂಪನಿಯ ಜೊತೆ ಏಕಕಾಲಕ್ಕೆ ಮಾತಾಡುವ ಅಧಿಕಾರ ಅವನಿಗಿರಲಿಲ್ಲ. ದಿವಾನರಿಗಿತ್ತು. ಸ್ಪಾನ್ಸರ್ ಎಂಬವರಿಂದ ನೀನು ಪಡೆಯಬೇಕಾದ್ದು ಅದನ್ನೇ. ನಿನ್ನ ದಿನದ ಕೆಲಸದಲ್ಲಿ ಅವರು ತಲೆಹಾಕದಿದ್ದರೆ ಒಳ್ಳೆಯದೇ. ಆದರೆ ಇನ್ನೊಂದು ಡಿಪಾರ್ಟ್‌ಮೆಂಟಿನವರು ಫೈಲು ಹಿಡಿದು ಕೂತಾಗ ಫೋನು ಮಾಡಬೇಕಾದವರು ಅವರು. ಅದೂ ಆಗದಿದ್ದರೆ ಆ ಹೆಸರು ಬರೀ ಬೋರ್ಡಿಗೆ.

ಶೇಷಾದ್ರಿ ಅಯ್ಯರ್ 1901ರ ಮಾರ್ಚಿನಲ್ಲಿ ನಿವೃತ್ತರಾದರು, ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನಮ್ಮೂರ ದೀಪವನ್ನು ಅವರು ನೋಡಲಿಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ. ಯಾಕೆ? ಅದು ಬರೀ ಅವರ ಪ್ರಭಾವದ ಮೇಲೆ ನಿಂತಿರಲಿಲ್ಲ, ಕರಾರಿನ ಕಾಗದದ ಮೇಲೆ, ತಾರೀಖಿನ ಮೇಲೆ, ಒಪ್ಪಿಕೊಂಡ ಗಿರಾಕಿಯ ಮೇಲೆ ನಿಂತಿತ್ತು. ಮುಂದೆ ಬಂದ ದಿವಾನರು ಕೈಬಿಡಬೇಕೆಂದರೂ ಸುಲಭವಿರಲಿಲ್ಲ. ಕಂಪನಿಗಳಲ್ಲಿ ದೊಡ್ಡವರು ಬದಲಾಗುತ್ತಲೇ ಇರುತ್ತಾರೆ, ನೀನೇ ನೋಡುತ್ತಿದ್ದೀಯಲ್ಲ.

ಮೇಲಿನವರು ಹಿಂಜರಿಯುವುದೂ ಉಂಟು. ಅದಕ್ಕೂ ಇದೇ ಕಥೆಯಲ್ಲಿ ಉದಾಹರಣೆಯಿದೆ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದ ವಿದ್ಯುತ್ತೂ ಸೊರಗುತ್ತಿತ್ತು, ಗಣಿಗಳ ಬೇಡಿಕೆ ಮಾತ್ರ ಏರುತ್ತಿತ್ತು. ಕಾವೇರಿಗೆ ಕನ್ನಂಬಾಡಿ ಅಣೆಕಟ್ಟು ಕಟ್ಟಲು ಹೊರಟಿದ್ದಕ್ಕೆ ಅದೂ ಒಂದು ಕಾರಣ. ಹಣಕಾಸಿನವರು ಅಡ್ಡಿ ಹೇಳಿ ಯೋಜನೆ ಕೂತುಬಿಟ್ಟಾಗ, ಚೀಫ್ ಎಂಜಿನಿಯರ್ ವಿಶ್ವೇಶ್ವರಯ್ಯನವರು ಬೇಸರವನ್ನು ಮುಚ್ಚಿಡಲಿಲ್ಲ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಕರೆಸಿ ಕೇಳಿದರು, ಇವರು ವಿವರಿಸಿದರು, 1911ರಲ್ಲಿ ಮಂಜೂರಾಯಿತು. ಮಹಾರಾಜರ ದೊಡ್ಡತನ ಸರಿ. ಆದರೆ ಕರೆದ ದಿನ ಲೆಕ್ಕ ಸಿದ್ಧವಾಗಿತ್ತಲ್ಲ, ಅದು ನಿನ್ನಂಥವರ ಪಾಲಿನ ಕೆಲಸ.

ನಮ್ಮ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮತ್ತೆ ತೆರೆಯುವ ಮಾತು ಎಷ್ಟೋ ಸಲ ಬಂತು, ಸಮಿತಿ, ಭರವಸೆ ಎಲ್ಲ ಬಂತು. ಕೊನೆಯವರೆಗೆ ಕೈಹಿಡಿದು ನಡೆಸುವ ಒಬ್ಬ ಅಧಿಕಾರಸ್ಥರು ಸಿಗಲಿಲ್ಲ ಅನ್ನುವುದು ನನ್ನ ತೀರ್ಮಾನ. ಬೇರೆಯವರು ಬೇರೆ ಕಾರಣ ಹೇಳಬಹುದು.

ಬರುವ ವಾರ ಸಾಹೇಬರ ಬಳಿ ಅರ್ಧ ಗಂಟೆ ಸಮಯ ಕೇಳು. ನಿನ್ನ ಪ್ರಾಜೆಕ್ಟ್ ಮುಗಿದ ಮೇಲೆ ಅದನ್ನು ಬಳಸಲಿರುವ ವಿಭಾಗದವರಿಂದ ಈಗಲೇ ಒಪ್ಪಿಗೆಯನ್ನು ಬರಹದಲ್ಲಿ ಕೊಡಿಸಲು ಹೇಳು. ನೀವು ಇಲ್ಲದಾಗ ಯಾರ ಬಳಿ ಹೋಗಬೇಕು ಎಂದೂ ಸಂಕೋಚಪಡದೆ ಕೇಳು. ಎರಡಕ್ಕೂ ಉತ್ತರ ಬರದಿದ್ದರೆ ತಂಡಕ್ಕೆ ಹೊಸಬರನ್ನು ತೆಗೆದುಕೊಳ್ಳಬೇಡ, ಮೊದಲು ಬೇರೆ ಸ್ಪಾನ್ಸರನ್ನು ಹುಡುಕು.

ಇಂತಿ,
ನಿನ್ನ ದೊಡ್ಡಪ್ಪ