ಮೈ ಉಜ್ಜುವುದರ ಮಿತಿ

ನರಕಚತುರ್ದಶಿಯ ಬೆಳಗಿನ ಜಾವ ಎಣ್ಣೆ ಹಚ್ಚಿಸಿಕೊಂಡು, ಹಂಡೆಯ ಬಿಸಿನೀರು ಹೊಯ್ಸಿಕೊಂಡು, ಸೀಗೆಪುಡಿಯಿಂದ ಉಜ್ಜಿಸಿಕೊಳ್ಳದೆ ಬೆಳೆದವರು ನಮ್ಮ ಕಡೆ ವಿರಳ. ಉಜ್ಜಿದಷ್ಟೂ ಮೈ ಶುದ್ಧವೆಂಬುದು ನಮ್ಮ ಮನೆಯವರ ನಂಬಿಕೆ. ನನ್ನದೂ ಅದೇ ಆಗಿತ್ತು. ಅದರಿಂದ ನನ್ನ ತಂಗಿಗಾದ ತೊಂದರೆಯನ್ನು ಕಂಡಮೇಲೆ ಈ ವಿಷಯವನ್ನು ಓದತೊಡಗಿದೆನು.

ಹೊರಚರ್ಮದ ತಳದಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಅವು ಮೇಲಕ್ಕೆ ಸರಿಯುತ್ತ ಚಪ್ಪಟೆಯಾಗಿ, ಕೆರಾಟಿನ್ ಎಂಬ ಗಟ್ಟಿ ಪದಾರ್ಥದಿಂದ ತುಂಬಿ, ಸತ್ತು, ಕೊನೆಗೆ ತಾವಾಗಿಯೇ ಉದುರುತ್ತವೆ. ಈ ಪಯಣಕ್ಕೆ ಸುಮಾರು 4 ವಾರ ಹಿಡಿಯುತ್ತದೆ. ಸತ್ತವೆಂದಮಾತ್ರಕ್ಕೆ ಅವು ಕೊಳೆಯಲ್ಲ. ಇಟ್ಟಿಗೆಗಳ ನಡುವೆ ಗಾರೆಯಿರುವಂತೆ ಅವುಗಳ ನಡುವೆ ಜಿಡ್ಡಿನ ಅಂಶವಿದ್ದು, ಮೈಯ ನೀರು ಆರಿಹೋಗದಂತೆಯೂ ರೋಗಾಣುಗಳು ಒಳಹೊಗದಂತೆಯೂ ತಡೆಯುತ್ತದೆ. ಅಂಗೈ, ಅಂಗಾಲುಗಳನ್ನು ಬಿಟ್ಟರೆ ಈ ಗೋಡೆಯು ಕಾಗದಕ್ಕಿಂತಲೂ ತೆಳು. ಉದುರಲು ಸಿದ್ಧವಾದ ಪೊರೆಯನ್ನು ತೆಗೆಯಬಹುದೇ ಹೊರತು ಗೋಡೆಯನ್ನೇ ಕೆಡವಬಾರದು.

ತಂಗಿಗೆ 16 ವರ್ಷ. ಅವಳ ಕತ್ತಿನ ಹಿಂಭಾಗ ಕಪ್ಪಾಗಿತ್ತು. ಮದುವೆಮನೆಯೊಂದರಲ್ಲಿ ನೆಂಟರೊಬ್ಬರು, "ಸರಿಯಾಗಿ ತಿಕ್ಕಿಕೊಳ್ಳೇ, ಎಷ್ಟು ಕೊಳೆ!" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ಅವಳು ದಿನವೂ ನೈಲಾನ್ ಜಾಲರಿಯಿಂದ ಕತ್ತನ್ನು ತಿಕ್ಕಿ, ಮೇಲೆ ನಿಂಬೆಹಣ್ಣಿನ ಹೋಳನ್ನು ಉಜ್ಜತೊಡಗಿದಳು. ಚರ್ಮ ಸುಲಿದು ಉರಿಯಿತು. ಮಾಗಿದ ಮೇಲೆ ಮೊದಲಿಗಿಂತ ಹೆಚ್ಚು ಕಪ್ಪಾಯಿತು. ನಮ್ಮಂಥ ಕಂದುಬಣ್ಣದವರ ಚರ್ಮಕ್ಕೆ ಪೆಟ್ಟಾದರೆ ಅಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚುತ್ತದೆ. ಆ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ವೈದ್ಯರಿಗೆ ತೋರಿಸಿದಾಗ ಅವರು ಹೇಳಿದ್ದು ನಮಗೆ ಹೊಸದು. ಕತ್ತು, ಕಂಕುಳುಗಳಲ್ಲಿ ಮಖಮಲ್ಲಿನಂತೆ ದಪ್ಪಗಾಗುವ ಕಪ್ಪು ಕೊಳೆಯಲ್ಲವಂತೆ. ಅನೇಕ ವೇಳೆ ಅದು ಶರೀರದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆಯ ಅಂಶ ಮಿತಿಗಿಂತ ತುಸು ಹೆಚ್ಚೇ ಇತ್ತು. ಎಷ್ಟು ತಿಕ್ಕಿದರೂ ಹೋಗದ ಕಪ್ಪಿಗಾಗಿ ಆ ಹುಡುಗಿ ಎರಡು ತಿಂಗಳು ಉರಿ ಸಹಿಸಿದ್ದಳು. ಈಗಲೂ ನೆಂಟರು ಬಂದರೆ ಕತ್ತಿಗೆ ದುಪಟ್ಟಾ ಸುತ್ತಿಕೊಳ್ಳುತ್ತಾಳೆ.

ಹಾಗಾದರೆ ಉಜ್ಜಲೇಬಾರದೆ? ಹಾಗೇನಿಲ್ಲ. ವಾರಕ್ಕೊಮ್ಮೆ ಸಾಕು. ನೀರು ಉಗುರುಬೆಚ್ಚಗಿರಲಿ. ಹೆಸರುಹಿಟ್ಟು ಅಥವಾ ಕಡಲೆಹಿಟ್ಟನ್ನು ವಸ್ತ್ರಗಾಳಿತ ಮಾಡಿ, ನೀರಿನಲ್ಲಿ ತೆಳ್ಳಗೆ ಕಲಸಿ, ಒದ್ದೆ ಮೈಗೆ ಹಚ್ಚಿ ಬೆರಳ ತುದಿಗಳಿಂದ ಅರ್ಧ ನಿಮಿಷ ಮೆಲ್ಲಗೆ ಸುತ್ತಿಸಿದರಾಯಿತು. ಒಣಗಲು ಬಿಟ್ಟು ಕೆರೆದು ತೆಗೆಯಬಾರದು. ಮೆತ್ತನೆಯ ಹತ್ತಿಬಟ್ಟೆಯೂ ಆದೀತು. ಸಕ್ಕರೆ, ಉಪ್ಪುಗಳ ಹರಳಿಗೆ ಮೊನೆಯಿರುತ್ತದೆ, ಮುಖಕ್ಕೆ ಬೇಡ. ನಿಂಬೆರಸವಂತೂ ಬೇಡವೇ ಬೇಡ. ಅದು ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುವುದುಂಟು. ಮೊಡವೆ, ಗಾಯ, ಇಸುಬು ಇರುವಲ್ಲಿ ಕೈಯಿಡಬಾರದು. ಸ್ನಾನವಾದ ಮೇಲೆ ಒರಸದೆ, ಬಟ್ಟೆಯನ್ನು ಒತ್ತಿ ನೀರು ತೆಗೆದು, ತೇವವಿರುವಾಗಲೇ ಕೈಕಾಲುಗಳಿಗೆ ತುಸು ಕೊಬ್ಬರಿ ಎಣ್ಣೆ ಸವರಬೇಕು. ಉರಿ ಬಂದರೆ ಉಜ್ಜಿದ್ದು ಹೆಚ್ಚಾಯಿತೆಂದೇ ಅರ್ಥ.

ಹಿಮ್ಮಡಿಯ ಮಾತು ಬೇರೆ. ಅಲ್ಲಿಯ ಚರ್ಮ ದಪ್ಪ. 10 ನಿಮಿಷ ನೀರಿನಲ್ಲಿ ನೆನೆಸಿ ಕಲ್ಲಿನಿಂದ ಹಗುರವಾಗಿ ತಿಕ್ಕಬಹುದು. ಆದರೆ ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರಬಹುದು, ಆದ ಗಾಯ ತಿಳಿಯುವುದಿಲ್ಲ. ನಮ್ಮ ಅಜ್ಜಿಗೂ ಆ ಕಾಯಿಲೆಯಿದೆ. ಬಚ್ಚಲುಮನೆಯಲ್ಲಿದ್ದ ಅವಳ ಕಲ್ಲನ್ನು ಈಗ ಅಟ್ಟದ ಮೇಲಿಟ್ಟಿದ್ದೇನೆ. ದಿನಕ್ಕೆರಡು ಸಲ ಕೇಳುತ್ತಾಳೆ.