ಬಡಾವಣೆಯ ಮನೆಯೂ ಅದರ ಪಾಲಿನ ಆಕಾಶವೂ

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವು ಬಹು ಸಾಮಾನ್ಯವಾದುದು. ಇದರ ವಿಸ್ತೀರ್ಣ 1200 ಚದರ ಅಡಿ. ಇಷ್ಟರಲ್ಲಿಯೇ ಒಂದು ಕುಟುಂಬವು ನಗರದ ಮನೆಯ ಅಚ್ಚುಕಟ್ಟನ್ನೂ ಬೀದಿಯ ಒಡನಾಟವನ್ನೂ ಪಡೆದು, ಗಾಳಿ ಬೆಳಕುಗಳಿಗೆ ಕೊರತೆಯಿಲ್ಲದೆ ಬಾಳುವುದು ಸಾಧ್ಯವೆ? ಲೆಕ್ಕಹಾಕಿ ನೋಡೋಣ.

ಮನೆಯ ಎರಡು ಪಕ್ಕಗಳಲ್ಲಿಯೂ ಮೂರು ಮೂರು ಅಡಿ ಜಾಗ ಬಿಟ್ಟೆವೆಂದು ಭಾವಿಸೋಣ. ನೆರೆಯವರೂ ಅಷ್ಟೇ ಬಿಟ್ಟರೆ ಗೋಡೆಗಳ ನಡುವಣ ಅಂತರ 6 ಅಡಿ. ನೆರೆಮನೆಯ ಗೋಡೆ 20 ಅಡಿ ಎತ್ತರವಿರಲಿ. ನಮ್ಮ ಕೆಳ ಅಂತಸ್ತಿನ ಕಿಟಕಿಯ ನಡುಭಾಗ ನೆಲದಿಂದ 4 ಅಡಿ ಮೇಲಿರಲಿ. ಆಗ ಎದುರು ಗೋಡೆಯು ಕಿಟಕಿಗಿಂತ 16 ಅಡಿ ಮೇಲೇಳುತ್ತದೆ. 16ನ್ನು 6ರಿಂದ ಭಾಗಿಸಿ ಟ್ಯಾಂಜೆಂಟ್ ಕೋಷ್ಟಕವನ್ನು ನೋಡಿದರೆ ಸುಮಾರು 69 ಡಿಗ್ರಿ ದೊರೆಯುತ್ತದೆ. ಅಲ್ಲಿಯವರೆಗಿನ ಆಕಾಶವೆಲ್ಲ ಮರೆಯಾಯಿತು! ಇಂತಹ ಕೊಠಡಿಗಳಲ್ಲಿ ಹಗಲಿನಲ್ಲಿಯೂ ದೀಪ ಬೇಕಾಗುವುದು ಇದರಿಂದಲೇ.

ಈಗ ಆ ಎರಡು ಓಣಿಗಳನ್ನು ಕೂಡಿಸೋಣ: 3 × 40 × 2 = 240 ಚದರ ಅಡಿ, ಎಂದರೆ ನಿವೇಶನದ ಐದನೆಯ ಒಂದು ಭಾಗ. ಅಷ್ಟೇ ಜಾಗವನ್ನು ಮನೆಯ ನಡುವೆ 12 ಅಡಿ ಅಗಲ, 20 ಅಡಿ ಉದ್ದದ ಅಂಗಳವನ್ನಾಗಿ ಮಾಡಿದರೆ, ಸುತ್ತಲಿನ ಗೋಡೆ 20 ಅಡಿಯೇ ಇದ್ದರೂ ಮರೆಯಾಗುವ ಕೋನವು ಅಗಲದ ಕಡೆಗೆ 53, ಉದ್ದದ ಕಡೆಗೆ 39 ಡಿಗ್ರಿಗೆ ಇಳಿಯುತ್ತದೆ. ಜಾಗ ಹೆಚ್ಚಲಿಲ್ಲ; ಬೆಳಕು ಹೆಚ್ಚಿತು. ಬಿಸಿಗಾಳಿಯೂ ಅಂಗಳದ ಮೂಲಕ ಮೇಲೇರಿ ಹೋಗಿ, ಬೀದಿಯ ಕಡೆಯಿಂದ ತಂಪುಗಾಳಿ ಒಳಬರುತ್ತದೆ. ನಮ್ಮ ತೊಟ್ಟಿಮನೆಗಳ ಗುಟ್ಟು ಇದೇ. ಸಿಡ್ನಿಯ ಆಪೆರಾ ಭವನವನ್ನು ರೂಪಿಸಿದ ಡೆನ್ಮಾರ್ಕಿನ ಯೋರ್ನ್ ಉಟ್ಸನ್, 1950ರ ದಶಕದ ಕೊನೆಯಲ್ಲಿ ಹೆಲ್ಸಿಂಗೋರ್ ಪಟ್ಟಣದ ಬಳಿ ಕಟ್ಟಿಸಿದ ಮನೆಗಳೂ ಒಂದಕ್ಕೊಂದು ಹೊಂದಿಕೊಂಡು ಒಳಂಗಳಗಳನ್ನೇ ನೆಚ್ಚಿವೆ. ಆದರೆ ಪಕ್ಕದ ಜಾಗ ಬಿಡದೆ ಕಟ್ಟಲು ಸ್ಥಳೀಯ ಕಟ್ಟಡ ನಿಯಮಗಳ ಅನುಮತಿ ಇರಬೇಕೆಂಬುದನ್ನು ಮರೆಯತಕ್ಕದ್ದಲ್ಲ.

ಇನ್ನು ಬಿಸಿಲಿನ ವಿಚಾರ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೀದಿಯು ದಕ್ಷಿಣಕ್ಕಿದ್ದು, ಆ ಕಡೆಯ 4 ಅಡಿ ಎತ್ತರದ ಕಿಟಕಿಯ ನೆತ್ತಿಗೆ 2 ಅಡಿ ಸಜ್ಜವನ್ನು ಚಾಚಿದೆವೆನ್ನೋಣ. ಡಿಸೆಂಬರ್ ಕೊನೆಯ ಭಾಗದ ನಡುಹಗಲಿನಲ್ಲಿ ಸೂರ್ಯನ ಎತ್ತರ ಸುಮಾರು 54 ಡಿಗ್ರಿ. ನೆರಳು 2¾ ಅಡಿಯಷ್ಟು ಮಾತ್ರ ಇಳಿಯುವುದರಿಂದ ಎಳೆಬಿಸಿಲು ಒಳಬರುತ್ತದೆ. ಮಾರ್ಚ್ 21ರ ಹೊತ್ತಿಗೆ ಎತ್ತರ 77 ಡಿಗ್ರಿಯಾಗಿ ಕಿಟಕಿಯೆಲ್ಲ ನೆರಳಿನಲ್ಲಿರುತ್ತದೆ. ಪಶ್ಚಿಮದ ಸಂಜೆಬಿಸಿಲು ಓರೆಯಾಗಿ ಬೀಳುವುದರಿಂದ ಅಲ್ಲಿ ಸಜ್ಜದಿಂದ ಹೆಚ್ಚು ಪ್ರಯೋಜನವಿಲ್ಲ. ಬಚ್ಚಲನ್ನೋ ಮೆಟ್ಟಿಲನ್ನೋ ಆ ಕಡೆಗೆ ಇಡುವುದು ಲೇಸು.

ಅಂಗಳವೆಂದ ಮೇಲೆ ಮಳೆಯೂ ಬೀಳುವುದು. ಒಂದು ಅಂಗುಲ ಮಳೆಗೆ 240 ಚದರ ಅಡಿಯಲ್ಲಿ 20 ಘನ ಅಡಿ, ಎಂದರೆ ಸುಮಾರು 566 ಲೀಟರು ನೀರು ಸೇರುತ್ತದೆ. ಆದುದರಿಂದ ಅಂಗಳವು ಕೊಠಡಿಗಳಿಗಿಂತ ತಗ್ಗಾಗಿದ್ದು, ನೀರು ಇಳಿಜಾರಿನಲ್ಲಿ ಹರಿದು ತೊಟ್ಟಿಯನ್ನು ಸೇರುವಂತಿರಬೇಕು.

ವಿದ್ಯಾರ್ಥಿಗಳು ತಮ್ಮ ಮನೆಯ ಪ್ರತಿಯೊಂದು ಕಿಟಕಿಯಿಂದಲೂ ಎದುರು ಗೋಡೆಯ ದೂರವನ್ನೂ ಎತ್ತರವನ್ನೂ ಅಳೆದು, ಮರೆಯಾಗುವ ಕೋನವನ್ನು ಗುಣಿಸಿ ನೋಡಲಿ. ಯಾವ ಕೊಠಡಿಯಲ್ಲಿ ಓದಲು ಕೂರಬೇಕೆಂಬುದು ಆಗ ತಾನಾಗಿಯೇ ಗೊತ್ತಾಗುವುದು.